ಬರ್ತಾ ಬಾಯಿಯ ಹತ್ತು ಕೀಗಳು

ಡಾಕ್ಟರ್ ಮೋಹಿನಿ ಟೈಪಾದ ಪ್ರಬಂಧದ ಹಾಳೆಯ ಮೇಲೆ ಪೆನ್ನಿನ ತುದಿಯಿಟ್ಟು ಓದಿದ ಇಂಗ್ಲಿಷ್ ವಾಕ್ಯವನ್ನು ಬರ್ತಾ ಬಾಯಿ ಮೊದಲ ಸಲ ಕೇಳಿದಾಗ ನಂಬಲಿಲ್ಲ. ಎರಡನೆಯ ಸಲ ಡಾಕ್ಟರು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು.

“ನಲವತ್ತೆರಡು ರೋಗಿಗಳ ಪೈಕಿ ಮೂವತ್ತೊಂದು ಮಂದಿಗೆ ಎರಡೂ ಕಿವಿಗಳಲ್ಲಿ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಚಪ್ಪಡಿ ಕಂಡುಬಂದಿತು. ಇದು ಎಂತ, ಬಾಯಿ?”

ಬರ್ತಾ ಬಾಯಿ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಒಂದಲ್ಲ, ಆ ಒಂದು ಹಾಳೆಯಲ್ಲೇ ಆರು ಕಡೆ ಚಪ್ಪಡಿ ಇತ್ತು. ಮಕ್ಕಳ ಕಿವಿಯಿಂದ ಚಪ್ಪಡಿ ಸೋರುತ್ತಿತ್ತು. ಚಪ್ಪಡಿಗೆ ಹತ್ತು ದಿನ ಔಷಧ ಕೊಡಲಾಗಿತ್ತು.

“ಇವತ್ತು ಬುಧವಾರ. ಸೋಮವಾರ ನಾಲ್ಕು ಗಂಟೆಗೆ ಬೈಂಡಿಂಗಿನವನಿಗೆ ಕೊಡದಿದ್ದರೆ ನನ್ನ ಪರೀಕ್ಷೆ ಆರು ತಿಂಗಳು ಮುಂದೆ ಹೋಗ್ತದೆ,” ಎಂದು ಡಾಕ್ಟರ್ ಮೋಹಿನಿ ಹೇಳಿದರು. ಮಣಿಪಾಲದಲ್ಲಿ ಕಿವಿ ಮೂಗಿನ ವಿಭಾಗದಲ್ಲಿ ಓದುತ್ತಿದ್ದ ಅವರು ನಿದ್ದೆಗೆಟ್ಟ ಕಣ್ಣಿನವರು, ಸಿಟ್ಟು ಮಾಡಲೂ ಪುರಸೊತ್ತಿಲ್ಲದವರು. ಹಾಳೆಗಳನ್ನು ಮೇಜಿನ ಮೇಲಿಟ್ಟು ಬಸ್ಸಿಗೆ ಓಡಿದರು.

ಬರ್ತಾ ಬಾಯಿ ಕಡಿಯಾಳಿಯ ಆ ಮಹಡಿ ಅಂಗಡಿಗೆ ಟೈಪಿಸ್ಟಾಗಿ ಸೇರಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ. ಆಗ ಅದು ಶೇಕಬ್ಬ ಸಾಹೇಬರ ಜಾಬ್ ಟೈಪಿಂಗ್ ಅಂಗಡಿ. ಎರಡು ಟೈಪ್‌ರೈಟರು, ಒಂದು ಸೈಕ್ಲೋಸ್ಟೈಲ್ ಮೆಷಿನು, ಕೋರ್ಟಿನ ಕಾಗದ, ಸೊಸೈಟಿಯ ನೋಟೀಸು, ಮಣಿಪಾಲದ ವಿದ್ಯಾರ್ಥಿಗಳ ಪ್ರಬಂಧ. ಅವಳು ದಿನವೂ ಕಾಪುವಿನಿಂದ ಏಳೂವರೆಯ ಬಸ್ಸಿಗೆ ಹೊರಟು ಬರುತ್ತಿದ್ದಳು. ಈ ಹದಿನೇಳು ವರ್ಷಗಳಲ್ಲಿ, ತಾಯಿ ತೀರಿಕೊಂಡ ವಾರ ಬಿಟ್ಟರೆ ಅವಳ ಕುರ್ಚಿ ಖಾಲಿ ಇದ್ದದ್ದು ಕಡಿಮೆ. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಅವಳ ಎಡಗೈ ನೋಡಿದ ಮೇಲೆ ನಿಂತುಹೋಗಿತ್ತು.

ಒಂಬತ್ತು ವರ್ಷದವಳಿದ್ದಾಗ ಹುಲ್ಲು ಕೊಯ್ಯುವ ಕತ್ತಿ ಎಡಗೈಯ ಕಿರುಬೆರಳಿನ ಬುಡಕ್ಕೆ ತಾಗಿತ್ತು. ಗಾಯ ಮಾಗಿತು, ಬೆರಳು ಮಾತ್ರ ಒಳಗೆ ಮಡಚಿಕೊಂಡದ್ದು ಮತ್ತೆ ಬಿಚ್ಚಲಿಲ್ಲ. ಟೈಪಿಂಗ್ ಕಲಿಸಿದ ರೊಸಾರಿಯೊ ಮಾಸ್ತರರಿಗೆ ಮೊದಲ ದಿನವೇ ಅದು ಗೊತ್ತಾಯಿತು. “ಯಾರಿಗೂ ಹೇಳಲಿಕ್ಕೆ ಹೋಗಬೇಡ. ಕಾಗದ ಬೆರಳು ಎಣಿಸುವುದಿಲ್ಲ,” ಎಂದು ಅವರು ಹೇಳಿ, ಕಿರುಬೆರಳು ಮಾಡಬೇಕಾದ ಕೆಲಸವನ್ನೆಲ್ಲ ಪಕ್ಕದ ಬೆರಳಿಗೆ ಕಲಿಸಿದರು. ಇನ್ನೂ ಎರಡು ಪಾಠ ಕಲಿಸಿದರು: ಕೀಬೋರ್ಡು ನೋಡಬಾರದು, ಟೈಪ್ ಆಗುತ್ತಿರುವ ಕಾಗದವನ್ನೂ ನೋಡಬಾರದು. ಕಣ್ಣು ಪಕ್ಕದಲ್ಲಿಟ್ಟ ಕೈಬರಹದ ಪ್ರತಿಯ ಮೇಲೆಯೇ ಇರಬೇಕು. ನೋಡಿದವರ ಬೆರಳ ಗಂಟಿಗೆ ಅವರ ಮರದ ಸ್ಕೇಲಿನ ಪೆಟ್ಟು. ಬರ್ತಾ ಬಾಯಿ ಒಂಬತ್ತು ಬೆರಳಿನಲ್ಲಿ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾದಳು, ಫಸ್ಟ್ ಕ್ಲಾಸಿನಲ್ಲಿ. ಎಡಗೈಯನ್ನು ಸೆರಗಿನ ಅಡಿಗೆ ಇಟ್ಟುಕೊಂಡು ಮಾತಾಡುವುದನ್ನು ತಾನಾಗಿಯೇ ಕಲಿತಳು.

ಶೇಕಬ್ಬ ಸಾಹೇಬರ ಕಣ್ಣು ಮಂಜಾದ ಮೇಲೆ ಮಗ ಇದ್ರೀಸ್ ದುಬೈಯಿಂದ ಬಂದ. ಬರುವಾಗ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟು ಹೋದರೂ ಅರ್ಧ ಗಂಟೆ ನಡೆಸುವ ಬ್ಯಾಟರಿ ಪೆಟ್ಟಿಗೆ ಎಲ್ಲ ತಂದ. ಒಂದು ಟೈಪ್‌ರೈಟರು ಹೋಯಿತು, ಇನ್ನೊಂದರ ಮೇಲೆ ಬಟ್ಟೆ ಬಿತ್ತು.

ಕಂಪ್ಯೂಟರು ಬರ್ತಾ ಬಾಯಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಒಂದೇ ಒಂದು ಕೀ. ವರ್ಡ್‌ಸ್ಟಾರ್ ಎಂಬ ಟೈಪು ಮಾಡುವ ಪ್ರೋಗ್ರಾಮಿನಲ್ಲಿ ಏನು ಮಾಡಬೇಕಾದರೂ ಕಂಟ್ರೋಲ್ ಎಂಬ ಕೀಯನ್ನು ಒತ್ತಿ ಹಿಡಿದು ಇನ್ನೊಂದು ಅಕ್ಷರ ಹೊಡೆಯಬೇಕು. ಉಳಿಸಲಿಕ್ಕೆ ಕಂಟ್ರೋಲ್, ಅಳಿಸಲಿಕ್ಕೆ ಕಂಟ್ರೋಲ್, ಸಾಲು ಹಿಂದೆ ಹೋಗಲಿಕ್ಕೆ ಕಂಟ್ರೋಲ್. ಆ ಕೀ ಇದ್ದದ್ದು ಎಡಗೈಯ ಕಿರುಬೆರಳಿನ ಪಕ್ಕದಲ್ಲಿ. ಇಡೀ ಜಗತ್ತಿನಲ್ಲಿ ಬೇರೆ ಜಾಗ ಸಿಗಲಿಲ್ಲವೇ ಅದನ್ನು ಇಡಲಿಕ್ಕೆ, ಎಂದು ಅವಳು ಬಸ್ಸಿನಲ್ಲಿ ಕೂತು ಎಷ್ಟೋ ಸಲ ಗೊಣಗಿದ್ದಳು. ಬಲಗೈಯನ್ನು ಅತ್ತ ದಾಟಿಸಿ ಕಂಟ್ರೋಲ್ ಒತ್ತಿ, ಎಡಗೈಯಿಂದ ಅಕ್ಷರ ಹುಡುಕಿ, ಮತ್ತೆ ಎರಡೂ ಕೈಯನ್ನು ಸ್ವಸ್ಥಾನಕ್ಕೆ ತರುವಾಗ ವಾಕ್ಯವೇ ಮರೆತುಹೋಗುತ್ತಿತ್ತು.

ಇದ್ರೀಸ್ ಇದನ್ನು ನೋಡಿ ಅವಳಿಗೆ ಇನ್ನೂ ಅಭ್ಯಾಸವಾಗಲಿಲ್ಲ ಎಂದುಕೊಂಡ. ಯಂತ್ರದೊಳಗೆ ಮ್ಯಾಕ್ರೊ ಎಂಬ ಒಂದು ಪ್ರೋಗ್ರಾಂ ಇತ್ತು. ಕೀಬೋರ್ಡಿನ ಎಡಬದಿಯಲ್ಲಿ ಎಫ್ ಒಂದರಿಂದ ಎಫ್ ಹತ್ತರವರೆಗೆ ಹತ್ತು ಕೀಗಳುಂಟಲ್ಲ, ಅವುಗಳಲ್ಲಿ ಯಾವುದನ್ನು ಒತ್ತಿದರೆ ಯಾವ ಯಾವ ಕೀ ಒತ್ತಿದ ಹಾಗೆ ಆಗಬೇಕು ಎಂದು ಒಂದು ಫೈಲಿನಲ್ಲಿ ಬರೆದಿಟ್ಟರೆ, ಆ ಪ್ರೋಗ್ರಾಂ ಅದನ್ನು ವರ್ಡ್‌ಸ್ಟಾರಿಗೆ ತಾನೇ ಕಳಿಸುತ್ತದೆ. ಇದ್ರೀಸ್ ಉತ್ಸಾಹದಿಂದ ಬರೆದ. ಏಳು ಒತ್ತಿದರೆ ಬರೆದದ್ದು ಫ್ಲಾಪಿಯಲ್ಲಿ ಉಳಿಯುತ್ತದೆ. ಒಂಬತ್ತು ಒತ್ತಿದರೆ ಡಾಕ್ಟರ್ ಮೋಹಿನಿಯ ಪ್ರಬಂಧದಲ್ಲಿ ಮುನ್ನೂರು ಸಲ ಬರುವ, ಬಾಯಲ್ಲಿ ಹೇಳಲಿಕ್ಕೂ ಉಸಿರು ಸಾಲದ ಆ ಕಿವಿ ಸೋರುವ ಕಾಯಿಲೆಯ ಹೆಸರು ಪೂರ್ತಿ ಬಂದು ಕೂರುತ್ತದೆ.

ಬರ್ತಾ ಬಾಯಿಗೆ ಮತ್ತೆ ಟೈಪ್‌ರೈಟರಿನ ಕಾಲದ ವೇಗ ಬಂತು. ಏಕೆ ಬಂತೆಂದು ಅವಳು ಯಾರಿಗೂ ಹೇಳಲಿಲ್ಲ.

ಆದರೆ ಯಂತ್ರ ಒಂದೇ, ಕೂರುವವರು ಇಬ್ಬರು. ಸಂಜೆ ನಾಲ್ಕರ ಮೇಲೆ ಕಾರ್ಕಳದ ಲಿಯೋನೆಲ್ ಬರುತ್ತಿದ್ದ. ಮುಂಬಯಿಯಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿ ಬಂದವನು, ಈಗ ಕಲ್ಲಿನ ವ್ಯಾಪಾರದವರ ಪತ್ರಗಳನ್ನು ಟೈಪು ಮಾಡಿಕೊಡುತ್ತಿದ್ದ. ಮಂಗಳವಾರ ಸಂಜೆ ಅವನಿಗೆ ‘ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಚಪ್ಪಡಿ’ ಎಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರೆದು ಸಾಕಾಗಿ, ಅದನ್ನು ಒಂಬತ್ತರ ಮೇಲೆ ಹಾಕಿ ಹೋಗಿದ್ದ. ಬುಧವಾರ ಬೆಳಿಗ್ಗೆ ಬರ್ತಾ ಬಾಯಿ ಸ್ಕ್ರೀನ್ ನೋಡದೆ ಅದನ್ನೇ ಒತ್ತುತ್ತ ಹೋಗಿದ್ದಳು.

“ನೀನು ಕೇಳಬೇಕಿತ್ತಾ ಇಲ್ಲವಾ?” ಎಂದು ಬುಧವಾರ ಸಂಜೆ ಅವನು ಬಂದ ಕೂಡಲೆ ಬರ್ತಾ ಬಾಯಿ ಹಿಡಿದಳು. ಅವರಿಬ್ಬರ ಮಾತು ಕೊಂಕಣಿಯಲ್ಲಿ ಶುರುವಾಗಿ, ಇದ್ರೀಸಿಗೂ ತಿಳಿಯಲಿ ಎಂದು ಕನ್ನಡಕ್ಕೆ ಬಂತು.

“ಒಂಬತ್ತರಲ್ಲಿ ಎಂತದೋ ಕಾಯಿಲೆ ಇತ್ತು ಬಾಯಿ. ಯಾರದೋ ತಪ್ಪಿನಿಂದ ಬಂದದ್ದು ಅಂತ ಎಣಿಸಿದೆ.”

“ಹಾಗಾದರೆ ನಾಳೆ ನನ್ನ ಚಪ್ಪಲಿ ಯಾರದೋ ತಪ್ಪಿನಿಂದ ಬಂದದ್ದು ಅಂತ ಹಾಕಿಕೊಂಡು ಹೋಗ್ತಿಯಾ?”

“ನೀವು ಸ್ಕ್ರೀನ್ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ. ಎದುರಿಗೇ ಉಂಟು.”

ಬರ್ತಾ ಬಾಯಿ ಚಪ್ಪಡಿಯ ಹಾಳೆಗಳನ್ನು ಜೋಡಿಸತೊಡಗಿದಳು. ಸ್ಕ್ರೀನ್ ನೋಡುವವರು ಟೈಪಿಸ್ಟರೇ ಅಲ್ಲ ಎಂದು ಈ ಹುಡುಗನಿಗೆ ಯಾರು ಹೇಳುವುದು?

ಇದ್ರೀಸ್ ನಡುವೆ ಬಂದ. ಅವನು ಕೆಟ್ಟವನಲ್ಲ. ಆದರೆ ಯಾವ ಜಗಳ ಕಂಡರೂ ಅದನ್ನು ಸಮನಾಗಿ ಭಾಗ ಮಾಡಿದರೆ ಮುಗಿಯುತ್ತದೆ ಎಂದು ನಂಬಿದವನು. “ನೋಡುವ ಮಾರಾಯ್ರೆ, ನಾನು ಸರಿ ಮಾಡುತ್ತೇನೆ,” ಎಂದ. ಅವನು ಸರಿ ಮಾಡುತ್ತೇನೆ ಎಂದ ಪ್ರತಿಯೊಂದು ಸಲವೂ ಬರ್ತಾ ಬಾಯಿಗೆ ತಲೆ ಕಾದು ಹೋಗುತ್ತಿತ್ತು. ಅಂದು ಅವನು ಇನ್ನೊಂದು ಮಾತನ್ನೂ ಹೇಳಿದ. ಹೇಳುವಾಗ ಪ್ರಿಂಟರಿನ ಕಾಗದವನ್ನು ಸುಮ್ಮನೆ ಎಳೆದು ಸರಿಪಡಿಸುತ್ತಿದ್ದ.

“ಬಾಯಿ, ಬೇಜಾರು ಮಾಡಬೇಡಿ. ಪೆರ್ಡೂರಿನ ಪ್ರೆಸಿಲ್ಲಾ ಅಂತ ಒಬ್ಬಳು ಮಂಗಳೂರಿನಲ್ಲಿ ಕಂಪ್ಯೂಟರ್ ಕೋರ್ಸು ಮಾಡಿ ಬಂದಿದ್ದಾಳೆ. ಒಂದನೇ ತಾರೀಕಿನಿಂದ ಬರಲಿಕ್ಕೆ ತಯಾರು ಉಂಟು. ಈ ಡಾಕ್ಟರಮ್ಮನ ಕೆಲಸ ಸೋಮವಾರಕ್ಕೆ ಸರಿಯಾಗಿ ಹೋಯಿತೋ, ಮೆಷಿನ್ ನಿಮ್ಮದೇ. ಹೋಗದಿದ್ದರೆ ಮೆಷಿನಿಗೆ ಅವಳು. ನೀವು ಪ್ರೂಫ್ ನೋಡಿ, ಗಿರಾಕಿಗಳ ಹತ್ತಿರ ಮಾತಾಡಿ. ಆರಾಮ ಅಲ್ವಾ?”

ಬರ್ತಾ ಬಾಯಿ ಮನೆಗೆ ಹೋಗುವ ಬಸ್ಸಿನಲ್ಲಿ ಆ ಆರಾಮದ ಬಗ್ಗೆಯೇ ಯೋಚಿಸಿದಳು. ಅವಳಿಗೆ ಗಿರಾಕಿಗಳ ಹತ್ತಿರ ಮಾತಾಡುವುದೆಂದರೆ ಮೊದಲಿನಿಂದಲೂ ಆಗದು. ಕೈ ಎರಡೂ ಕೀಬೋರ್ಡಿನ ಮೇಲಿರುವಾಗ ಮಾತ್ರ ಅವುಗಳನ್ನು ಅಡಗಿಸಬೇಕಾಗಿರಲಿಲ್ಲ. ಅಲ್ಲಿ ಅವು ಎಷ್ಟು ಬೇಗ ಓಡುತ್ತಿದ್ದವೆಂದರೆ ಯಾರಿಗೂ ಲೆಕ್ಕ ಸಿಗುತ್ತಿರಲಿಲ್ಲ.

ಗುರುವಾರ ಅವಳು ಚಪ್ಪಡಿಗಳನ್ನೆಲ್ಲ ತೆಗೆದು ಕಾಯಿಲೆ ಹಾಕಿದಳು. ಅಂದು ಸಂಜೆ ಇದ್ರೀಸ್ ಫೈಲು ತೆರೆದು ಹತ್ತು ಕೀಗಳನ್ನು ಭಾಗ ಮಾಡಿದ. ಶುಕ್ರವಾರ ಬೆಳಿಗ್ಗೆ ಅವಳು ಬರುವಾಗ ಕೀಬೋರ್ಡಿನ ಬದಿಗೆ ಹೊಸ ಕಾಗದದ ಪಟ್ಟಿ ಅಂಟಿಸಿತ್ತು, ಎರಡು ಬಣ್ಣದ ಪೆನ್ನಿನಲ್ಲಿ ಬರೆದದ್ದು.

“ಒಂದರಿಂದ ಐದು ನಿಮ್ಮದು, ಆರರಿಂದ ಹತ್ತು ಲಿಯೋನೆಲನದು. ನಿಮ್ಮ ಒಂಬತ್ತು ಈಗ ಐದಕ್ಕೆ ಬಂದಿದೆ. ನಿಮ್ಮ ಏಳು ಮೂರಕ್ಕೆ ಬಂದಿದೆ. ನೆನಪಿಟ್ಟುಕೊಳ್ಳಿ, ಏಳು ಅಲ್ಲ, ಮೂರು.”

“ಆರು ತಿಂಗಳಿನಿಂದ ಏಳು ಒತ್ತಿದ್ದೇನೆ ಸಾಹೇಬ್ರೆ.”

“ಎರಡು ದಿನದಲ್ಲಿ ಅಭ್ಯಾಸವಾಗ್ತದೆ. ನ್ಯಾಯ ನ್ಯಾಯವೇ ಅಲ್ವಾ, ಅವನಿಗೂ ಐದು ಬೇಕಲ್ಲ.”

ಲಿಯೋನೆಲನಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ. ಆದರೆ ಐದು ಸಿಕ್ಕಿದ ಮೇಲೆ ಐದನ್ನೂ ತುಂಬದೆ ಬಿಡುವುದು ಹೇಗೆ? ಏಳರ ಮೇಲೆ ಅವನು ‘ನೋಡಿ ಬಿಡುವುದು’ ಎಂದು ಹಾಕಿಸಿಕೊಂಡಿದ್ದ. ಹಳೆಯ ಪತ್ರವನ್ನು ತೆರೆದು ಒಮ್ಮೆ ನೋಡಿ ಮುಚ್ಚುವುದು ಅವನ ರೂಢಿ. ಉಳಿಸಿ ಮುಚ್ಚಿದರೆ ಯಂತ್ರ ಹಳೆಯದರ ಒಂದು ನಕಲನ್ನೂ ಇಟ್ಟುಕೊಂಡು ಫ್ಲಾಪಿ ತುಂಬಿಸುತ್ತದೆ. ಹಾಗಾಗಿ ಉಳಿಸದೆಯೇ ಬಿಟ್ಟುಬಿಡು ಎಂಬ ಅಪ್ಪಣೆ. ನೋಡುವಾಗ ಅಪ್ಪಿತಪ್ಪಿ ಒಂದು ಕೀ ತಾಗಿದ್ದರೂ, ಹಾಗೆ ಬಿಡುವಾಗ ಯಂತ್ರ ‘ಬದಲಾವಣೆ ಮಾಡಿದ್ದೀರಿ, ಬಿಟ್ಟುಬಿಡಲೇ?’ ಎಂದು ಒಮ್ಮೆ ಕೇಳುತ್ತದೆ. ಅದಕ್ಕೆ ಉತ್ತರ ಕೊಡುವ ಒಂದು ಕೀಯ ಶ್ರಮವೂ ಬೇಡವೆಂದು ಲಿಯೋನೆಲ್ ‘ಹೌದು’ ಎಂಬುದನ್ನೂ ಮ್ಯಾಕ್ರೊದಲ್ಲೇ ಬರೆಸಿದ್ದ.

ಬರ್ತಾ ಬಾಯಿ ಎಂಟೂವರೆಗೆ ಕೂತಳು. ಕಾಯಿಲೆಯ ಹೆಸರು ಬಂದಾಗಲೆಲ್ಲ ಒಂಬತ್ತಕ್ಕೆ ಹೊರಟ ಬೆರಳನ್ನು ತಡೆದು ಐದಕ್ಕೆ ತಂದಳು. ಬಾಯಲ್ಲಿ ಐದು, ಐದು ಎಂದುಕೊಂಡೇ ಬರೆದಳು. ಕೋಷ್ಟಕಗಳ ಅಧ್ಯಾಯ ಅದು. ಒಂದೊಂದು ಅಂಕೆಯೂ ಅದರದರ ಸಾಲಿನ ಕೆಳಗೆ ಕೂರಬೇಕು. ಫೈಲು ಉದ್ದವಾಗಿ, ಒಮ್ಮೆ ಉಳಿಸಿದರೆ ಫ್ಲಾಪಿ ಕರಕರ ಎನ್ನುತ್ತ ಮೂರು ನಿಮಿಷ ತಿನ್ನುತ್ತಿತ್ತು. ಬ್ಯಾಟರಿ ಪೆಟ್ಟಿಗೆ ಇದ್ದುದರಿಂದ ಅವಳು ಊಟಕ್ಕೆ ಏಳುವಾಗ ಒಮ್ಮೆ, ಮನೆಗೆ ಹೋಗುವಾಗ ಒಮ್ಮೆ ಉಳಿಸುತ್ತಿದ್ದಳು. ಹನ್ನೆರಡೂ ಕಾಲರ ಹೊತ್ತಿಗೆ ಹದಿನಾರು ಪುಟ ಆಗಿತ್ತು. ಎರಡು ವಾರದಲ್ಲಿ ಅಷ್ಟು ಒಳ್ಳೆಯ ಬೆಳಗು ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿಗೆ ಅಂಗಡಿ ಮುಚ್ಚುವುದು ಶೇಕಬ್ಬ ಸಾಹೇಬರ ಕಾಲದ ಕ್ರಮ. ಎರಡು ಗಂಟೆಗೆ ಮತ್ತೆ ತೆರೆಯುವುದು. ಇದ್ರೀಸ್ ಬಿಳಿ ಅಂಗಿ ಹಾಕಿ, ಬೀಗದ ಕೈ ಹಿಡಿದು, ಬಾಗಿಲಲ್ಲಿ ನಿಂತ.

“ಬಾಯಿ, ಆಯಿತಾ? ತಡವಾಯಿತು.”

“ಒಂದು ಸಾಲು ಉಂಟು.”

“ಮತ್ತೆ ಮಾಡುವ. ಉಳಿಸಿ ಏಳಿ ಏಳಿ.”

ಅವಳು ಸಾಲು ಮುಗಿಸಿದಳು. ಕಣ್ಣು ಪ್ರತಿಯ ಕೊನೆಯ ಅಂಕೆಯ ಮೇಲೆ ಇತ್ತು. ಕೈ ಏಳರ ಮೇಲೆ ಹೋಯಿತು.

ಫ್ಲಾಪಿ ಕರಕರ ಎನ್ನಲಿಲ್ಲ. ಆ ಸದ್ದು ಬರಲಿಲ್ಲವಲ್ಲ ಎಂದು ಅವಳು ತಲೆ ಎತ್ತಿ ನೋಡುವಾಗ ಸ್ಕ್ರೀನಿನಲ್ಲಿ ಕೋಷ್ಟಕವಿರಲಿಲ್ಲ. ಯಂತ್ರ ಬಿಟ್ಟುಬಿಡಲೇ ಎಂದು ಕೇಳಿಯೂ ಆಗಿತ್ತು, ಹೌದೆಂಬ ಉತ್ತರ ಹೋಗಿಯೂ ಆಗಿತ್ತು. ‘ಯಾವ ಫೈಲು ತೆರೆಯಬೇಕು’ ಎಂದು ಅದು ಏನೂ ಗೊತ್ತಿಲ್ಲದ ಹಾಗೆ ಕೇಳುತ್ತಿತ್ತು.

ಫೈಲು ತೆರೆದು ನೋಡಿದಳು. ಗುರುವಾರ ಸಂಜೆ ನಿಲ್ಲಿಸಿದಲ್ಲಿಗೆ ಅದು ನಿಂತಿತ್ತು.

“ಎಂತಾಯಿತು?” ಎಂದು ಇದ್ರೀಸ್ ಒಳಗೆ ಬಂದ.

“ನಿಮ್ಮ ನ್ಯಾಯ ಆಯಿತು. ಹದಿನಾರು ಪುಟ.”

ಇದ್ರೀಸ್ ಬಗ್ಗಿ ನೋಡಿದ. ಕಾಗದದ ಪಟ್ಟಿಯ ಮೇಲೆ ಬೆರಳಿಟ್ಟ. “ಇಲ್ಲಿ ಬರೆದಿದೆಯಲ್ಲ ಬಾಯಿ, ಮೂರು ಅಂತ. ಕೆಂಪಿನಲ್ಲಿ ಬರೆದಿದ್ದೇನೆ. ಬೆಳಿಗ್ಗೆ ಹೇಳಿಯೂ ಇದ್ದೇನೆ.”

“ಹೇಳಿದ್ದೀರಿ. ನನ್ನ ಕಿವಿಗೆ ಹೇಳಿದ್ದೀರಿ. ಕೈಗೆ ಯಾರು ಹೇಳುವುದು?”

“ಅಷ್ಟು ಕಷ್ಟವಾದರೆ ಮ್ಯಾಕ್ರೊ ಬಿಡಿ ಮಾರಾಯ್ತಿ. ಕಂಟ್ರೋಲ್ ಒತ್ತಿ ಕೆ ಹೊಡೆದು ಎಸ್ ಹೊಡೆದರೆ ಮುಗಿಯಿತು. ಲಿಯೋನೆಲ್ ಹಾಗೆಯೇ ಮಾಡುವುದು. ಆ ಪ್ರೆಸಿಲ್ಲಾ ಸಹ ಹಾಗೆಯೇ ಮಾಡ್ತಾಳೆ. ಎಲ್ಲರೂ ಮಾಡುವುದನ್ನು ನೀವು ಒಬ್ಬರು ಮಾಡುವುದಿಲ್ಲ ಅಂದರೆ ನಾನು ಎಂತ ಮಾಡಲಿ?”

ಬರ್ತಾ ಬಾಯಿ ಹದಿನೇಳು ವರ್ಷ ಈ ಅಂಗಡಿಯಲ್ಲಿ ಮಾಡದ ಒಂದು ಕೆಲಸ ಮಾಡಿದಳು. ಸೆರಗಿನ ಅಡಿಯಿಂದ ಎಡಗೈ ತೆಗೆದು ಕೀಬೋರ್ಡಿನ ಪಕ್ಕ, ಬೆಳಕಿನಲ್ಲಿ, ಅಂಗೈ ಮೇಲಾಗಿ ಇಟ್ಟಳು. ನಾಲ್ಕು ಬೆರಳು ಚಾಚಿದವು. ಕಿರುಬೆರಳು ಅಂಗೈಗೆ ಅಂಟಿಯೇ ಇತ್ತು.

“ಒತ್ತಿಸಿ ನೋಡುವ. ಇದರಲ್ಲಿ ಕಂಟ್ರೋಲ್ ಒತ್ತಿಸಿ,” ಎಂದಳು. ದನಿ ಏರಲಿಲ್ಲ. “ಮ್ಯಾಕ್ರೊ ನಿಮಗೆ ಶೋಕಿ, ಲಿಯೋನೆಲನಿಗೆ ಸೋಮಾರಿತನ. ನನಗೆ ಇದು ಬೆರಳು. ನನ್ನ ಬೆರಳನ್ನು ಅರ್ಧ ಅವನಿಗೆ ಕೊಟ್ಟಿದ್ದೀರಿ ನೀವು.”

ಇದ್ರೀಸ್ ಆ ಕೈಯನ್ನು ನೋಡಿದ. ಚಿಕ್ಕವನಿದ್ದಾಗ ಶಾಲೆ ಬಿಟ್ಟು ಬಂದು ಇದೇ ಮೇಜಿನ ಆಚೆ ಕೂತು ಅವಳು ಟೈಪು ಮಾಡುವುದನ್ನು ನೋಡುತ್ತಿದ್ದವನು ಅವನು. ಒಮ್ಮೆಯೂ ಕಂಡಿರಲಿಲ್ಲ.

“ಬಾಪಾನಿಗೆ ಗೊತ್ತಿತ್ತಾ?” ಎಂದು ಅಪ್ಪನನ್ನು ನೆನೆದು ಕೇಳಿದ.

“ಅವರು ಕಾಗದ ನೋಡುತ್ತಿದ್ದರು.”

ಅವನು ಗಡಿಯಾರ ನೋಡಿದ. ಮೆಟ್ಟಿಲ ತನಕ ಹೋದವನು ತಿರುಗಿ ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಅಂಗಡಿ ತೆರೆದೇ ಇರಲಿ ಎಂದು ಹೇಳಿ ನಮಾಜಿಗೆ ಹೋದ.

ಬರ್ತಾ ಬಾಯಿ ಊಟಕ್ಕೆ ಏಳಲಿಲ್ಲ. ಹದಿನಾರು ಪುಟ ತಿರುಗಿ ಹೊಡೆಯುವ ಮೊದಲು ಬೇರೆ ಒಂದು ಕೆಲಸ ಇತ್ತು. ಮ್ಯಾಕ್ರೊದ ಇಂಗ್ಲಿಷ್ ಪುಸ್ತಕವನ್ನು ಇದ್ರೀಸಿನ ಮೇಜಿನಿಂದ ತಂದು ಪ್ರತಿ ಇಡುವ ಹಲಗೆಗೆ ಒರಗಿಸಿದಳು. ಇಷ್ಟು ದಿನ ಅವಳು ಬೇಕಾದ್ದನ್ನು ಹೇಳುವುದು, ಅವನು ಬರೆಯುವುದು ಹೀಗಿತ್ತು. ಪುಸ್ತಕದಲ್ಲಿ ನೋಡಿದರೆ ಅದು ಬರೆಯಲಿಕ್ಕೆ ಅಂಥ ವಿದ್ಯೆಯೇನೂ ಬೇಡ. ಯಾವ ಕೀ ಎಂದು ಒಂದು ಸಾಲು, ಅದಕ್ಕೆ ಏನು ಕಳಿಸಬೇಕೆಂದು ಅದರ ಪಕ್ಕ, ಮುಗಿಯಿತು ಎಂದು ಕೊನೆಗೆ. ಆರು ತಿಂಗಳು ಇದಕ್ಕಾಗಿಯೇ ಅವನ ಹಿಂದೆ ತಿರುಗಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ರೇಗಿತು.

ಹೊಸ ಫ್ಲಾಪಿಯಲ್ಲಿ ಹೊಸ ಫೈಲು ಮಾಡಿದಳು. ಏಳು, ಉಳಿಸುವುದು. ಒಂಬತ್ತು, ಕಾಯಿಲೆ. ಹತ್ತು ಕೀಯೂ ತನ್ನವೇ. ಬಿಟ್ಟುಬಿಡುವುದಕ್ಕೆ ಯಾವ ಕೀಯನ್ನೂ ಕೊಡಲಿಲ್ಲ. ಆ ಕೆಲಸ ಕಷ್ಟಪಟ್ಟೇ ಆಗಲಿ. ಮೊದಲ ಸಲ ಒಂದು ಚಿಹ್ನೆ ಬಿಟ್ಟುಹೋಗಿ ಏಳು ಒತ್ತಿದರೆ ಸ್ಕ್ರೀನಿನಲ್ಲಿ ಕೆ ಎಸ್ ಎಂಬ ಎರಡು ಅಕ್ಷರ ಮಾತ್ರ ಬಂತು. ಅವಳು ಪುಸ್ತಕವನ್ನು ಬೈದು, ಮತ್ತೆ ಓದಿ, ಸರಿ ಮಾಡಿದಳು. ಫ್ಲಾಪಿ ಕರಕರ ಎಂದಿತು. ಅವಳಿಗೆ ಆಗ ಹಸಿವೆ ಗೊತ್ತಾಯಿತು.

ಸಂಜೆ ಲಿಯೋನೆಲ್ ಬಂದಾಗ ಅವಳು ಆರನೆಯ ಪುಟದಲ್ಲಿದ್ದಳು. ಇದ್ರೀಸ್ ಅವನಿಗೆ ಮೆಟ್ಟಿಲಲ್ಲೇ ವಿಷಯ ಹೇಳಿರಬೇಕು. ಅವನು ಅವಳ ಕೈಯ ಕಡೆ ನೋಡಲಿಲ್ಲ, ನೋಡಲಿಲ್ಲ ಎಂಬುದು ಅವಳಿಗೆ ಕಂಡಿತು.

“ಬಾಯಿ, ನಾನು ಸೋಮವಾರದ ತನಕ ಮೆಷಿನ್ ಮುಟ್ಟುವುದಿಲ್ಲ. ಕಲ್ಲಿನವರು ಕಾಯಲಿ. ಕಲ್ಲು ಹಾಳಾಗುವುದಿಲ್ಲವಲ್ಲ.”

“ಮುಟ್ಟು. ಆದರೆ ಶುರು ಮಾಡುವಾಗ ಈ ಮೆಷಿನ್ ಯಾರ ಮ್ಯಾಕ್ರೊ ಫೈಲು ಬೇಕು ಅಂತ ಕೇಳಬೇಕು. ಬರ್ತಾ ಅಂದರೆ ನನ್ನದು, ಲಿಯೋನೆಲ್ ಅಂದರೆ ನಿನ್ನದು. ಹಾಗೆ ಮಾಡಲಿಕ್ಕೆ ನಿನಗೆ ಗೊತ್ತುಂಟಾ, ಅಲ್ಲ ಮುಂಬಯಿಯಲ್ಲಿ ಬರೇ ವಡಾಪಾವು ತಿಂದು ಬಂದದ್ದಾ?”

“ಹತ್ತು ನಿಮಿಷದ ಕೆಲಸ.”

“ಹಾಗಾದರೆ ಆರು ತಿಂಗಳ ಹಿಂದೆಯೇ ಯಾಕೆ ಮಾಡಲಿಲ್ಲ?”

“ಯಾರೂ ಕೇಳಲಿಲ್ಲವಲ್ಲ ಬಾಯಿ.”

ಬರ್ತಾ ಬಾಯಿ ಮತ್ತೆ ಪ್ರತಿಯ ಕಡೆ ತಿರುಗಿದಳು. ಕೇಳಬೇಕಾದರೆ ಏಕೆ ಬೇಕೆಂದು ಹೇಳಬೇಕಾಗುತ್ತಿತ್ತು.

ಶನಿವಾರ ಕೋಷ್ಟಕ ಮುಗಿಯಿತು. ಭಾನುವಾರ ಅವಳು ಮೊದಲ ಪೂಜೆ ಮುಗಿಸಿ, ಇಗರ್ಜಿಯ ಸೀರೆಯಲ್ಲೇ ಬಂದು ಗ್ರಂಥಸೂಚಿ ಹೊಡೆದಳು. ಸೋಮವಾರ ಬೆಳಿಗ್ಗೆಯಿಂದ ಪ್ರಿಂಟರು ಕೂಗಿತು. ಇದ್ರೀಸ್ ನಿಂತುಕೊಂಡು ಹಾಳೆಯ ಎರಡೂ ಬದಿಯ ತೂತಿನ ಅಂಚು ಹರಿದು ಜೋಡಿಸಿದ. ನಡುವೆ ಎರಡು ಸಲ, “ಅಕ್ಷರ ಸ್ವಲ್ಪ ದಪ್ಪ ಮಾಡಿದರೆ ಹೇಗೆ, ನಾನು ಸರಿ ಮಾಡಲಾ?” ಎಂದು ಕೇಳಿದ. ಎರಡು ಸಲವೂ ಬರ್ತಾ ಬಾಯಿ ತಿರುಗಿ ನೋಡಿದಳು, ಅವನು ಅಂಚು ಹರಿಯುವುದಕ್ಕೆ ಹೋದ.

ಮೂರು ಗಂಟೆಗೆ ಅವಳು ಕಟ್ಟನ್ನು ಎತ್ತಿಕೊಂಡು ಮಣಿಪಾಲದ ಬಸ್ಸು ಹತ್ತಿದಳು. ಬೈಂಡಿಂಗಿನವನ ಅಂಗಡಿಯ ಎದುರು ಡಾಕ್ಟರ್ ಮೋಹಿನಿ ಕಾಯುತ್ತಿದ್ದರು. ಅಲ್ಲೇ ನಿಂತು ಕೋಷ್ಟಕದ ಅಧ್ಯಾಯವನ್ನು ಒಂದೊಂದೇ ಹಾಳೆ ಸರಿಸಿ ನೋಡಿದರು. ಕಟ್ಟು ಭಾರವಾಗಿದ್ದರಿಂದ ಬರ್ತಾ ಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಡಾಕ್ಟರರ ಕಣ್ಣು ಹಾಳೆಯಿಂದ ಕೈಗೆ ಬಂತು.

“ಇದು ಯಾವಾಗ ಆದದ್ದು ಬಾಯಿ? ನಮ್ಮಲ್ಲಿ ಕೈಯ ಆಪರೇಷನ್ ಮಾಡುವವರಿದ್ದಾರೆ. ತೋರಿಸಬಹುದು.”

“ಈಗ ಅದು ನೆಟ್ಟಗಾದರೆ ಅದಕ್ಕೆ ಎಂತ ಕೆಲಸ ಕೊಡುವುದು ಡಾಕ್ಟ್ರೆ? ಇದ್ದ ಕೆಲಸವನ್ನೆಲ್ಲ ಬೇರೆಯವಕ್ಕೆ ಹಂಚಿ ಆಗಿದೆ. ನೀವು ಕೋಷ್ಟಕ ನೋಡಿ, ನಾಲ್ಕು ಗಂಟೆಯಾಗ್ತದೆ.”

ಕೋಷ್ಟಕದಲ್ಲಿ ತಪ್ಪಿರಲಿಲ್ಲ.

ಇದ್ರೀಸ್ ಮಾತಿಗೆ ತಪ್ಪಲಿಲ್ಲ, ಮೆಷಿನ್ ಅವಳದೇ ಆಯಿತು. ಆದರೆ ಪ್ರೆಸಿಲ್ಲಾಳಿಗೆ ಮೊದಲೇ ಬರಲಿಕ್ಕೆ ಹೇಳಿ ಆಗಿದ್ದರಿಂದ ಅವಳೂ ಒಂದನೇ ತಾರೀಕಿಗೆ ಬಂದಳು. ಮಧ್ಯಾಹ್ನದ ಮೇಲೆ ಎರಡು ಗಂಟೆ ಹೊತ್ತು ಮೆಷಿನ್ ಪ್ರೆಸಿಲ್ಲಾಳದು, ಕಲಿಸುವ ಕೆಲಸ ಬರ್ತಾ ಬಾಯಿಯದು. ಪ್ರೆಸಿಲ್ಲಾ ಹತ್ತೊಂಬತ್ತರ ಹುಡುಗಿ, ಕೋರ್ಸಿನ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದಳು. ಅವಳು ಕೂತ ಕೂಡಲೆ ಇದ್ರೀಸ್ ಕುರ್ಚಿಯ ಹಿಂದೆ ಬಂದು ನಿಂತ.

“ಬಾಯಿ, ಈಗ ಮೂವರಾದರಲ್ಲ. ಹತ್ತು ಕೀಯಲ್ಲಿ ಮೂರು ಮೂರು ಹಂಚಿ, ಒಂದನ್ನು ಅಂಗಡಿಗೆ ಇಟ್ಟುಕೊಂಡರೆ—”

“ಸಾಹೇಬ್ರೆ,” ಎಂದಳು ಬರ್ತಾ ಬಾಯಿ, “ನಿಮ್ಮನ್ನು ಕೆಳಗೆ ಯಾರೋ ಕರೆಯುತ್ತಿದ್ದಾರೆ.”

ಯಾರೂ ಕರೆಯುತ್ತಿರಲಿಲ್ಲ. ಇದ್ರೀಸ್ ಮೆಟ್ಟಿಲಿಳಿದು ಹೋದ.

“ನನ್ನ ಫೈಲಿನಲ್ಲಿ ಎಂತೆಂತ ಹಾಕುವುದು ಬಾಯಿ? ನಿಮ್ಮದನ್ನೇ ನಕಲು ಮಾಡಲಾ?” ಎಂದು ಪ್ರೆಸಿಲ್ಲಾ ಕೇಳಿದಳು.

“ನಕಲು ಬೇಡ. ಮೊದಲು ಕೈ ಎರಡೂ ಇಲ್ಲಿ ಇಡು. ಬೆರಳು ಬಿಡಿಸು, ನೋಡುವ.”